ಅಂಬರಾಯ ವಸ್ತಾದನ ಕಚೇರಿ ತಾಲೀಮು

ಶಹಾಬಾದಿನ ಒಂದು ಫರಸಿ ಕಲ್ಲಿನ ಕಂಪನಿಯಲ್ಲಿ ಅಂಬರಾಯ ಒಂಬತ್ತು ವರ್ಷದಿಂದ ಜವಾನ. ಒಂಬತ್ತು ವರ್ಷವೂ ಹಂಗಾಮಿ. ಗಂಟೆ ಬಾರಿಸಿದರೆ ಓಡಬೇಕು, ಬಾರಿಸದಿದ್ದರೆ ಬಾಗಿಲಲ್ಲಿ ನಿಂತಿರಬೇಕು. ಹರೆಯದಲ್ಲಿ ಸೇಡಂ, ಚಿತ್ತಾಪುರದ ಕಣಗಳಲ್ಲೆಲ್ಲ ಕುಸ್ತಿ ಹಿಡಿದವನು, ಊರ ತಾಲೀಮಿನಲ್ಲಿ ಹುಡುಗರಿಗೆ ಪಟ್ಟು ಕಲಿಸಿ ವಸ್ತಾದ ಅನ್ನಿಸಿಕೊಂಡವನು, ಇಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದ. ಅದಕ್ಕೆ ಅವನಿಗೆ ನಾಚಿಕೆ ಇರಲಿಲ್ಲ. ಇದ್ದದ್ದು ಒಂದೇ ಆಸೆ, ಈ ವರ್ಷವಾದರೂ ನೌಕರಿ ಕಾಯಂ ಆಗಬೇಕು. ಕಾಯಂ ಆದವರಿಗಷ್ಟೇ ಕಂಪನಿ ಲೈನಿನಲ್ಲಿ ಮನೆ. ಹೆಂಡತಿ ಮಾಳಮ್ಮ ಸೋರುವ ತಗಡಿನ ಕೆಳಗೆ ಒಂಬತ್ತು ಮಳೆಗಾಲ ತಪ್ಪಲೆ ಇಟ್ಟಿದ್ದಳು.

ಕಾಯಂ ಮಾಡುವ ಕಾಗದ ಹೊರಡಬೇಕಾದದ್ದು ಹೆಡ್ ಕ್ಲರ್ಕ್ ರೇವಣಪ್ಪನ ಟೇಬಲ್ಲಿನಿಂದ. ಆದರೆ ಆ ಮನುಷ್ಯನ ಕುತ್ತಿಗೆ ಆಗಲೇ ಕಲ್ಲಾಗಿತ್ತು. ಯಾರಾದರೂ ಕರೆದರೆ ಮೈಯೆಲ್ಲ ತಿರುಗಿಸಿ ನೋಡಬೇಕು. ಕೈ ಮೇಲೇಳದೆ ತಲೆಗೆ ರುಮಾಲನ್ನು ಹೆಂಡತಿಯೇ ಸುತ್ತುತ್ತಿದ್ದಳು. ಮುಲಾಮು ಆಯಿತು, ಕಾಸಿದ ಇಟ್ಟಿಗೆ ಆಯಿತು, ಯಾವುದಕ್ಕೂ ಬಗ್ಗಲಿಲ್ಲ.

ಒಂದು ದಿನ ಚಹಾ ಇಟ್ಟ ಅಂಬರಾಯ ತಡೆಯಲಾರದೆ ಅವನ ಕುತ್ತಿಗೆಯ ಬುಡಕ್ಕೆ ಹೆಬ್ಬೆರಳು ಒತ್ತಿದ.

"ಇಲ್ಲಿ ಗಂಟು ಅದ ರೇವಣಪ್ಪನವ್ರ. ತಿಕ್ಕಿದ್ರ ಹೋಗಂಗಿಲ್ಲ. ನಿಮ್ಮ ಹೆಗಲಿಗಿ ಕೆಲಸ ಇಲ್ರಿ, ಅದಕ್ಕ ಅಳಾಕತ್ತದ."

"ಮುಂಜಾನಿಂದ ಸಂಜಿತನಕ ಕೆಲಸ ಮಾಡ್ತೀನಲ್ಲೋ ಮಾರಾಯ!"

"ಬೆರಳು ಮಾಡ್ತಾವ್ರಿ. ಹೆಗಲು ಬರೇ ಜೋತಾಡ್ತದ."

ಗಿರಾಕಿಗಳಿಗೆ ತೋರಿಸುವ ಮಾದರಿ ಫರಸಿ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಅಂಬರಾಯ ಅವಕ್ಕೆ ಹಗ್ಗ ಬಿಗಿದು ಹಿಡಿಕೆ ಮಾಡಿದ. ಸೋಮವಾರ, ಬುಧವಾರ, ಶುಕ್ರವಾರ ಮೂರೂವರೆಗೆ ಚಹಾದ ಹೊತ್ತಿನಲ್ಲಿ ತಾಲೀಮು. ಮೊದಲು ಸಣ್ಣ ಕಲ್ಲು, ಎರಡು ಕೈಗೂ ಒಂದೊಂದು. ಹೆಗಲು ಕಿವಿಗೆ ಮುಟ್ಟುವ ಹಾಗೆ ಎತ್ತು, ಸಾವಕಾಶ ಇಳಿಸು. ಹದ್ದಿನ ರೆಕ್ಕೆಯ ಹಾಗೆ ಕೈ ಬಗಲಿಗೆ ಚಾಚು. ಒಂದು ಕೈ ಟೇಬಲ್ಲಿಗೆ ಊರಿ, ಇನ್ನೊಂದರಿಂದ ಬಾವಿಯ ಕೊಡ ಸೇದಿದ ಹಾಗೆ ಎಳಿ. ಹತ್ತು ಹತ್ತರಂತೆ ಮೂರು ಸಲ.

ಶುರುವಾದ ದಿನ ರೇವಣಪ್ಪ ತಾಲೀಮಿನ ರಿವಾಜಿನಂತೆ ತೆಂಗಿನಕಾಯಿ ಕೊಟ್ಟು ಜವಾನನ ಕಾಲು ಮುಟ್ಟಿದ. "ಇಲ್ಲಿ ನೀನೇ ವಸ್ತಾದ," ಅಂದ. ಅಂಬರಾಯನ ಕಣ್ಣು ತೇವವಾದವು. ತಾಲೀಮಿನಲ್ಲಿ ಒಬ್ಬನ ಕೈಯಿಂದ ಕಾಯಿ ತೆಗೆದುಕೊಂಡ ಮೇಲೆ ಅವನ ಮಾನ ವಸ್ತಾದನದು. ನಾಲ್ಕು ಮಂದಿಯ ಮುಂದೆ ಚೇಲಾನ, ತನ್ನ ಶಿಷ್ಯನ, ಮಾನ ಕಳೆಯುವ ಮಾತು ವಸ್ತಾದನ ಬಾಯಿಂದ ಬರಬಾರದು.

ರೇವಣಪ್ಪನನ್ನು ನೋಡಿ ಉಳಿದ ನಾಲ್ವರು ಕಾರಕೂನರೂ ಕಲ್ಲು ಹಿಡಿದರು. ಮೊದಲ ವಾರ ನೋವು ದುಪ್ಪಟ್ಟಾಯಿತು. ಟೈಪಿಸ್ಟ್ ಹಾಜಿಸಾಬ ಗೋಳಾಡಿದ, "ಟೈಪ್ ಮಷೀನು ಕುಂದ್ರಿಸಿ ಕೊಲ್ಲಾಕತ್ತಿತ್ತು, ನೀ ನಿಂದರಿಸಿ ಕೊಲ್ಲಾಕತ್ತೀ ವಸ್ತಾದ!"

"ಎರಡು ವಾರ ತಡಕೋರಿ. ಭಾಳ ನೊಂದ್ರ ಕಲ್ಲು ಸಣ್ಣದು ಮಾಡ್ತೀನಿ. ತಾಲೀಮು ಮಾತ್ರ ಬಿಡಸಂಗಿಲ್ಲ."

ಎರಡೂವರೆ ತಿಂಗಳಿಗೆ ರೇವಣಪ್ಪ ತನ್ನ ರುಮಾಲು ತಾನೇ ಸುತ್ತಿಕೊಂಡು ಬಂದ. ಬಾಗಿಲಲ್ಲಿ ನಿಂತು ಕುತ್ತಿಗೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ತೋರಿಸಿದ. "ನಿನ್ನ ಕಾಗದ ಈ ತಿಂಗಳೇ ಕಳಸ್ತೀನಿ ವಸ್ತಾದ, ಬಸವಣ್ಣನಾಣೆ," ಅಂದ.

ಅದೇ ತಿಂಗಳು ಹೊಸ ಮ್ಯಾನೇಜರ್ ಸಾಹೇಬ ಬಂದ. ಶುಕ್ರವಾರ ಮೂರೂವರೆಗೆ ಒಳಗೆ ಕಾಲಿಟ್ಟರೆ ಐದು ಮಂದಿ ಕಾರಕೂನರು ಸಾಲಾಗಿ ಕಲ್ಲು ಎತ್ತುತ್ತಿದ್ದಾರೆ!

"ಇದು ಆಫೀಸೋ ಸರ್ಕಸ್ಸೋ? ಯಾರು ಶುರು ಮಾಡಿದ್ದು?"

ರೇವಣಪ್ಪ ಕಲ್ಲು ಕೆಳಗಿಟ್ಟ. ಕೈ ಒರೆಸಿಕೊಂಡ. "ಈ ಪೈಲ್ವಾನ ಅಂಜಿಸಿ ಮಾಡಸ್ತಾನ್ರಿ ಸಾಹೇಬ್ರ. ಇಲ್ಲ ಅಂದ್ರ ಹೊರಗ ಸಿಗು, ನೋಡ್ಕೋತೀನಿ ಅಂತಾನ್ರಿ."

ಅಂಬರಾಯ ಒಂದು ಇರುವೆಗೂ ಬೆದರಿಕೆ ಹಾಕಿದವನಲ್ಲ. ಹಾಜಿಸಾಬನ ಕಡೆ ನೋಡಿದ. ಅವನು ಟೈಪ್ ಮಷೀನಿನ ಧೂಳು ಊದುತ್ತಿದ್ದ.

"ಹೌದೇನಯ್ಯಾ?" ಸಾಹೇಬ ಕೇಳಿದ.

ಕಾಲು ಮುಟ್ಟಿದವನು ಇವನೇ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಕಾಯಿ ಕೊಟ್ಟ ಚೇಲಾ. ಅಂಬರಾಯ ನೆಲ ನೋಡುತ್ತ ನಿಂತ. ಸಾಹೇಬನಿಗೆ ಅಷ್ಟೇ ಸಾಕಾಯಿತು. ಹೇಳಿಕೆ ಬರೆದುಕೊಡಿ ಅಂತ ಕಾರಕೂನರಿಗೆ ಅಂದ. ಹಾಜಿಸಾಬ ಎಲ್ಲೂ ಕೈ ತಡೆಯದೆ, ಹೆಗಲು ನೀವಿಕೊಳ್ಳದೆ, ಒಂದೇ ಉಸಿರಿಗೆ ಟೈಪ್ ಮಾಡಿದ. ಅಂಥ ಹೆಗಲು ಕೊಟ್ಟವನು ಎದುರಿಗೇ ನಿಂತಿದ್ದ. ಐದು ಮಂದಿಯೂ ಸಹಿ ಹಾಕಿದರು.

ಅಂಬರಾಯನನ್ನು ವಾಡಿಯ ರೈಲು ಸೈಡಿಂಗಿಗೆ, ಕಲ್ಲು ತುಂಬುವ ಹಮಾಲರ ಜೊತೆ ಹಾಕಿದರು. ಕಾಯಂ ಕಾಗದ ಹೊರಡಲೇ ಇಲ್ಲ.

ತಿಂಗಳೊಪ್ಪತ್ತು ಕಳೆದು ಒಂದು ಭಾನುವಾರ ಮುಂಜಾನೆ ರೇವಣಪ್ಪ ಮನೆಗೆ ಬಂದ. ಮಾಳಮ್ಮ ಹೊಸ್ತಿಲಲ್ಲೇ ಕೂತಿದ್ದಳು.

"ಬರ್ರಿ ರೇವಣಪ್ಪನವ್ರ, ಕುಂದ್ರಿ. ನಮ್ಮವ್ರು ಒಳಗ ಅದಾರ, ಅಂಜಿಕಿ ಬಂದ್ರ ಹೇಳ್ರಿ, ಹಗ್ಗ ಹಾಕಿ ಕಟ್ತೀನಿ."

ರೇವಣಪ್ಪ ನಕ್ಕ ಹಾಗೆ ಮಾಡಿ, ಒಳಗೆ ಬಂದು ಅಂಬರಾಯನ ಎದುರು ಕೂತ. "ತಪ್ಪು ತಿಳಕೋಬ್ಯಾಡ ವಸ್ತಾದ. ಸಾಹೇಬರದೂ ಎಡಗಡಿ ಹೆಗಲು ಹಿಡದದ. ನಮ್ಮ ಹೆಗಲು ನೋಡಿ ಅವ್ರೇ ಕೇಳಿದ್ರು. ನಾನೇ ಕಲಸಾಕತ್ತೀನಿ. ಕಲ್ಲು ಹ್ಯಾಂಗ ಹೆಚ್ಚು ಮಾಡೋದು ಅಂತ ಕೇಳಾಕ ಬಂದೆ."

"ನನ್ನ ಹೆಸರು ಹೇಳಿದ್ರೇನ್ರಿ?"

"ಈಗ ಹ್ಯಾಂಗ ಹೇಳ್ಲಿ? ನಾನೇ ಸಹಿ ಹಾಕೀನಲ್ಲ."

ಅಂಬರಾಯ ಎದ್ದು ನಿಂತ. ತಲೆ ತಗಡಿಗೆ ತಾಗಿತು. "ಇವತ್ತಿಗಿ ನೀ ನನ್ನ ಚೇಲಾ ಅಲ್ಲೋ ರೇವಣ್ಯಾ. ಎದ್ದು ನಡಿ," ಅಂದ. ಹೆಡ್ ಕ್ಲರ್ಕನಿಗೆ ಏಕವಚನ ಬಳಸಿದ್ದು ಅದೇ ಮೊದಲು.

ಸೋಮವಾರ ಕೂಲಿ ಬಿಟ್ಟು ಕಚೇರಿಗೆ ಹೋದ. ಮೂರೂವರೆ. ಸಾಹೇಬ ಅಂಗಿಯ ತೋಳು ಮಡಚಿ ಕಲ್ಲು ಹಿಡಿದಿದ್ದ. ಅಂಬರಾಯ ಕಾಯಿ, ಕಾಲು, ಕಾಗದ ಎಲ್ಲ ಹೇಳಿದ. ರೇವಣಪ್ಪ ಕಿಟಕಿಯ ಕಡೆ ತಿರುಗಿ ನಿಂತಿದ್ದ.

"ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತ ಇಂವ ನನ್ನ ಚೇಲಾ ಇದ್ದನ್ರಿ."

ಸಾಹೇಬ ನಕ್ಕುಬಿಟ್ಟ. "ಐದು ಸಹಿ ಇದಾವಪ್ಪ. ನಿನ್ನ ತೆಂಗಿನಕಾಯಿ ನಂಬಲಾ? ಹೋಗು, ಕೆಲಸ ನೋಡು," ಅಂದು ಮತ್ತೆ ಕಲ್ಲು ಎತ್ತಿದ.

ಅಂಬರಾಯನ ಕಣ್ಣಿಗೆ ಬಿತ್ತು. ಸಾಹೇಬ ಕುತ್ತಿಗೆ ಮುಂದೆ ಚಾಚಿ, ಸೊಂಟದಿಂದ ಜಗ್ಗಿ ಎತ್ತುತ್ತಿದ್ದ, ಅದೂ ಅವನ ಹೆಗಲಿಗೆ ಮೂರುಪಟ್ಟು ಭಾರದ ಕಲ್ಲು. ಎಂಟು ದಿನಕ್ಕೆ ಹಾಸಿಗೆ ಹಿಡಿಯುವುದು ಖಂಡಿತ. ತಪ್ಪು ಎತ್ತುವವನನ್ನು ಕಂಡು ಅಂಬರಾಯ ಹುಟ್ಟಿದಾಗಿನಿಂದ ಸುಮ್ಮನಿದ್ದವನಲ್ಲ. ಮಾತು ನಾಲಿಗೆಯ ತುದಿಗೆ ಬಂತು.

ಕಪಾಟಿನ ಮೇಲಿನ ಚಹಾದ ಕಪ್ಪುಗಳನ್ನು ಒಮ್ಮೆ ನೋಡಿದ, ಬಾಗಿಲು ಎಳೆದುಕೊಂಡ, ವಾಡಿಯ ಪ್ಯಾಸೆಂಜರ್ ಹಿಡಿಯಲು ಸ್ಟೇಷನ್ನಿನ ಕಡೆ ನಡೆದ.