ಬಲಗಿವಿಯ ಅಣ್ಣ

ಬೀದಿಯವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಕೆಳಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಸುಕ್ಕು ಕಂಡರೆ ಅವಳಿಗೆ ಕೈ ಸುಮ್ಮನಿರದು. ಮದುವೆಯಾಗುತ್ತೇನೆಂದು ಬಂದವನ ಅಂಗಿ ಮುದ್ದೆಯಾಗಿತ್ತೆಂದೇ ಬೇಡವೆಂದಳಂತೆ ಎಂದು ಬೀದಿಯವರು ನಗುತ್ತಿದ್ದರು. ನಿಜವಾದ ಕಾರಣ ತಮ್ಮ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಬಿಟ್ಟುಹೋಗಲು ಅವಳಿಗೆ ಮನಸ್ಸು ಬರಲಿಲ್ಲ.

ಅವನನ್ನು ಅವಳು ಗುಬ್ಬಿ ಎಂದೇ ಕರೆಯುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಎಡಗಿವಿಯನ್ನು ತೆಗೆದುಕೊಂಡು ಹೋಗಿತ್ತು. ಅಂದಿನಿಂದ ಊಟಕ್ಕೆ ಕೂತರೂ ರಸ್ತೆಯಲ್ಲಿ ನಡೆದರೂ ಅಕ್ಕ ಅವನ ಬಲಕ್ಕೇ. ಬೈದರೆ ಮಾತ್ರ ಪೋರ ಥಟ್ಟನೆ ಎಡಗಿವಿ ತಿರುಗಿಸಿ, "ಬೈಕೋ ಅಕ್ಕ, ಈ ಕಿವಿ ರಜೆ ಮೇಲಿದೆ" ಎಂದು ಕಿಸಿಕಿಸಿ ನಗುತ್ತಿದ್ದ. ಅಲ್ಲಿಗೆ ಅವಳ ಸಿಟ್ಟೂ ಇಳಿಯುತ್ತಿತ್ತು.

ದೊಡ್ಡವನಾಗಿ ಗೋದಾಮೊಂದರಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಿದ್ದ. ಎಡಗಡೆಯ ಹಾರನ್ ಕೇಳಿಸದೆ ಒಮ್ಮೆ ಇನ್ನೇನು ಒಬ್ಬರ ಮೇಲೆ ಹತ್ತಿಸಿಬಿಡುತ್ತಿದ್ದ. ಗಾಡಿ ಕಿತ್ತುಕೊಂಡು ಪೆಟ್ಟಿಗೆಗೆ ಟೇಪು ಸುತ್ತುವ ಮೇಜಿಗೆ ಕೂರಿಸಿದರು. ಗಾಡಿ ಹೋದದ್ದು ಹೊರಗಿನಿಂದ ದುಡಿಯಲು ಬಂದ ಒಬ್ಬನ ಕೈಗೆ. ಜೊತೆಯವರು ಕಿವುಡ ಎಂದು ಆಡಿಕೊಂಡರು. ಗುಬ್ಬಿ ಮನೆಗೆ ಬಂದವನೇ ಕೋಣೆ ಸೇರಿ ಇಯರ್‌ಫೋನ್ ಸಿಕ್ಕಿಸಿಕೊಳ್ಳತೊಡಗಿದ. ಕೇಳುವ ಕಿವಿ ಒಂದೇ; ಅದಕ್ಕೂ ಬಿರಡೆ ಬಿತ್ತು. ಬಲಕ್ಕೆ ನಿಂತು ಕೂಗಿದರೂ ಅಕ್ಕನ ಮಾತು ಒಳಗೆ ಹೋಗುತ್ತಿರಲಿಲ್ಲ.

ಆದರೆ ಕೋಣೆಯೊಳಗಿಂದ ಅವನ ದನಿ ಕೇಳುತ್ತಿತ್ತು. "ಹೂಂ ಅಣ್ಣ", "ಆಯ್ತು ಅಣ್ಣ", "ನೀವು ಹೇಳಿದ್ದು ಸರಿ ಅಣ್ಣ." ಅವಳಿಗೆ ಸಮಾಧಾನವಾಯಿತು. ಹೆಣ್ಣುಮಗಳಿಗೆ ಹೇಳಿಕೊಳ್ಳಲಾಗದ್ದನ್ನು ಯಾರೋ ಹಿರಿಯ ಗೆಳೆಯನಿಗೆ ಹೇಳಿಕೊಳ್ಳುತ್ತಿದ್ದಾನೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಆಮೇಲೆ ಅವನು ತನ್ನ ಬಟ್ಟೆ ತಾನೇ ಒಗೆದುಕೊಳ್ಳತೊಡಗಿದಾಗಲಂತೂ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. "ನಮ್ಮ ಗುಬ್ಬಿಗೆ ಅಂತೂ ಬುದ್ಧಿ ಬಂತು ಕಣ್ರೀ!" ಅಂಗಡಿ ತುಂಬ ಒಗೆಯುವ ಯಂತ್ರಗಳಿರುವಾಗ ಮೇಲೆ ಬಚ್ಚಲಲ್ಲಿ ಕೂತು ಅಂಗಿ ಉಜ್ಜುವವನಿಗೆ ಏನು ಬಂದಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಹೊಗಳುವ ಆಸೆ ಅಷ್ಟಿತ್ತು.

ಒಂದು ಸಂಜೆ ಹಗ್ಗದ ಮೇಲೆ ಅವನ ಅಂಗಿ ಒಣಗಿತ್ತು, ಮೈಯೆಲ್ಲ ಸುಕ್ಕು. ಅವನು ಕೆಲಸದಿಂದ ಬಂದಿರಲಿಲ್ಲ. ಇಸ್ತ್ರಿ ಅಕ್ಕನ ಮನೆಯಿಂದ ಇಂಥ ಅಂಗಿ ಹೊರಬೀಳುವುದೇ ಎಂದು ಕೆಳಗೆ ತಂದು ಹಾಸಿದಳು. ಇಸ್ತ್ರಿಪೆಟ್ಟಿಗೆ ತೋಳಿಗೆ ತಾಗಿದ್ದೇ ತಡ, ಪೆಟ್ರೋಲಿನ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಸೋಪಿನಡಿ ಅಡಗಿದ್ದು ಬಿಸಿಗೆ ಮೇಲೇಳುತ್ತದೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಅವನಿಗೂ ಗೊತ್ತಿತ್ತು, ಇಸ್ತ್ರಿ ಹಬೆಯಲ್ಲೇ ಬೆಳೆದ ಹುಡುಗ. ಸುಕ್ಕು ಕಂಡರೆ ಅಕ್ಕನ ಕೈ ಸುಮ್ಮನಿರದು ಎನ್ನುವುದನ್ನಷ್ಟೇ ಮರೆತಿದ್ದ.

ಅವನಿಗೆ ಸ್ವಂತ ಸೈಕಲ್ಲೂ ಇರಲಿಲ್ಲ. ಅವಳು ಮೇಲೆ ಓಡಿದಳು. ಮಂಚದಡಿಯಲ್ಲಿ ಪೆಟ್ರೋಲಿನ ಡಬ್ಬಗಳು, ಅವುಗಳ ಪಕ್ಕ ಮಡಿಸಿಟ್ಟ ಒಂದು ಕಾಗದ. ಅದರಲ್ಲಿ ಗೆರೆ ಎಳೆದು ಬಿಡಿಸಿದ್ದ ಕಟ್ಟಡ ಅವಳಿಗೆ ಅಪರಿಚಿತವಲ್ಲ. ಹೊರಗಿನಿಂದ ದುಡಿಯಲು ಬಂದವರು ಉಳಿಯುವ ವಸತಿಗೃಹ. ಯಾವ ಬಾಗಿಲು ಯಾವ ಕಡೆಗೆ ಎಂದು ಬರೆದಿತ್ತು. ಅಲ್ಲಿಯ ಹೊದಿಕೆಗಳೆಲ್ಲ ಒಗೆಯಲು ಬರುವುದು ಇವಳ ಅಂಗಡಿಗೇ. ಮಕ್ಕಳು ಉಚ್ಚೆ ಹೊಯ್ದುಕೊಂಡ ಹಾಸಿಗೆಬಟ್ಟೆಯೂ ಅದರಲ್ಲಿರುತ್ತಿತ್ತು.

ಗುಬ್ಬಿ ಬಂದಾಗ ಅವಳು ಅವನ ಬಲಕ್ಕೆ ನಿಂತು, ಇಯರ್‌ಫೋನ್ ಕಿತ್ತು ತನ್ನ ಕಿವಿಗಿಟ್ಟುಕೊಂಡಳು. ಬೆಣ್ಣೆಯಂಥ ದನಿ. "ತಮ್ಮಾ, ಊಟ ಆಯ್ತಾ?"

ಅವಳ ಮೈಯೆಲ್ಲ ಉರಿದುಹೋಯಿತು. ಬೆಂಕಿ ಹಚ್ಚಲು ಕಳಿಸುವವನು ಊಟ ಕೇಳುತ್ತಾನೆ!

"ಯಾರಯ್ಯ ನೀನು? ಇವನಿಗೆ ಯಾವ ಕಿವಿ ಕೇಳಲ್ಲ, ಹೇಳು ನೋಡೋಣ!"

ಮರುಕ್ಷಣ ಆ ಕಡೆಯಿಂದ ಕರೆ ಕಡಿಯಿತು.

"ಎಂಥಾ ಕೆಲಸ ಮಾಡ್ದೆ ಅಕ್ಕ! ನನ್ನ ನೋವೇನು ಅಂತ ಕೇಳಿದೋರು ಅವರೊಬ್ಬರೇ. ನನ್ನ ಗಾಡಿ ಕಿತ್ಕೊಂಡಿದ್ದು ಆ ಹೊರಗಿನವರೇ ಅಂತ ತಿಳಿಸಿಕೊಟ್ಟೋರೂ ಅವರೇ."

"ನೋವು ಕೇಳಿದನಂತೆ! ಹಾಗಾದ್ರೆ ಈ ಡಬ್ಬ ಹೊತ್ಕೊಂಡು ಅವನೇ ಯಾಕೋ ಬರಲ್ಲ? ಅವನ ಮುಖ ನೋಡಿದ್ದೀಯಾ? ಅಲ್ಲಿ ಮಕ್ಕಳು ಮಲಗ್ತವೆ ಕಣೋ!"

"ನಾಳೆಗೆ ಎಲ್ಲ ಮುಗಿಯುತ್ತೆ. ಆಮೇಲೆ ನಿನಗೇ ಅರ್ಥ ಆಗುತ್ತೆ."

ನಾಳೆ. ಬೈದು, ಅತ್ತು, ಎರಡು ಕೆನ್ನೆಗೂ ಬಾರಿಸಿ ಸರಿಮಾಡುವ ಕಾಲ ದಾಟಿತ್ತು. ಅವಳು ಕೋಣೆಯಿಂದ ಹೊರಬಂದು ಚಿಲಕ ಹಾಕಿದಳು. ಅವನು ಬಾಗಿಲು ಬಡಿಯುತ್ತಿದ್ದಂತೆಯೇ ಆ ಅಂಗಿಯನ್ನು ಕಂಕುಳಲ್ಲಿಟ್ಟುಕೊಂಡು ಪೊಲೀಸ್ ಠಾಣೆಗೆ ನಡೆದಳು. ಸಾಕಿದ ಕೈಯಿಂದಲೇ ಹಿಡಿದುಕೊಡುವ ಸಂಕಟ ಅವಳಿಗಿರಲಿಲ್ಲವೆನ್ನುವವರು ಆ ದಾರಿಯಲ್ಲಿ ಅವಳ ಜೊತೆ ನಡೆದು ನೋಡಬೇಕಿತ್ತು.

ಪೊಲೀಸರು ಗುಬ್ಬಿಯನ್ನು ಹಿಡಿದರು. ವಸತಿಗೃಹ ಉಳಿಯಿತು. ಹೇಳಿಕೆ ಬರೆದುಕೊಳ್ಳುತ್ತಿದ್ದ ಅಧಿಕಾರಿ ತಲೆಯೆತ್ತದೆ ಕೇಳಿದರು.

"ಒಬ್ಬನೇ ತಾನೇ?"

"ಇಬ್ಬರು ಸಾರ್."

"ಇನ್ನೊಬ್ಬನ ಹೆಸರು?"

"ಅಣ್ಣ."

"ಅಣ್ಣ ಅಂದ್ರೆ ಹೆಸರೇನಮ್ಮ? ವಿಳಾಸ?"

ಅವಳಿಗೆ ಹೇಳಲಾಗಲಿಲ್ಲ. ಗುಬ್ಬಿಗೂ ಗೊತ್ತಿರಲಿಲ್ಲ. ಫೋನು ತೆರೆದು ನೋಡಿದರೆ ಅಣ್ಣ ಕರೆ ಮಾಡುತ್ತಿದ್ದ ಖಾತೆಯೇ ಮಾಯ. ಅಧಿಕಾರಿ 'ಒಬ್ಬನೇ' ಎಂದು ಬರೆದುಕೊಂಡರು. ಪತ್ರಿಕೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗುಬ್ಬಿಯ ಫೋಟೋದ ಮೇಲೆ ದಪ್ಪ ಅಕ್ಷರದಲ್ಲಿ 'ಒಂಟಿ ತೋಳ ಸೆರೆ' ಎಂದು ಹಾಕಿದವು.

ತೋಳವಂತೆ! ಬೀದಿನಾಯಿ ಬೊಗಳಿದರೆ ಅಕ್ಕನ ಬೆನ್ನಹಿಂದೆ ಸೇರುತ್ತಿದ್ದವನು. ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳು, ಮಾಡಹೊರಟಿದ್ದು ತೋಳದ ಕೆಲಸವೇ. ಆದರೆ ಒಂಟಿ? ಉಣ್ಣುವಾಗ, ಮಲಗುವಾಗ, ಬಚ್ಚಲಲ್ಲಿ ಕೂತಾಗ ಕೂಡ ಕಿವಿಯೂದುವವನೊಬ್ಬ ಜೊತೆಗಿದ್ದವನು ಒಂಟಿ ಹೇಗಾದ? ಒಂಟಿ ಎಂದು ಬರೆದುಬಿಟ್ಟರೆ ಎಲ್ಲರಿಗೂ ಕೈ ತೊಳೆದುಕೊಳ್ಳಲು ಸುಲಭ. ಆ ಬೆಣ್ಣೆ ದನಿಯವನು ಇಷ್ಟು ಹೊತ್ತಿಗೆ ಇನ್ನಾರ ಮನೆಯ ಹುಡುಗನನ್ನೋ ತಮ್ಮಾ ಎನ್ನುತ್ತಿರುತ್ತಾನೆ. ತುತ್ತಿಟ್ಟು ಬೆಳೆಸಿದವರಿಗೆ ಸಲ್ಲಬೇಕಾದ ಮಾತನ್ನು ಕದ್ದವನಿಗೆ ಯಾವ ಕಾನೂನಿನಲ್ಲೂ ಶಿಕ್ಷೆ ಬರೆದಂತಿಲ್ಲ.

ಜೈಲಿನ ಭೇಟಿ ಕೋಣೆಯಲ್ಲಿ ನಡುವೆ ಗಾಜು, ಎರಡೂ ಕಡೆ ಒಂದೊಂದು ಫೋನು. ಗುಬ್ಬಿ ರಿಸೀವರನ್ನು ಬಲಗಿವಿಗೆ ಹಿಡಿದ. ಅಂಗಿ ಮುದುರಿತ್ತು, ಅವಳ ಕೈ ತಾನಾಗಿ ಗಾಜಿನವರೆಗೆ ಹೋಗಿ ನಿಂತಿತು. ಊಟ ಆಯ್ತಾ ಎಂದು ಕೇಳಲು ಬಾಯಿ ತೆರೆದವಳು ತಡೆದುಕೊಂಡಳು. ಆ ಮಾತನ್ನೂ ಆ ಬೆಣ್ಣೆ ದನಿಯವನು ಎಂಜಲು ಮಾಡಿಟ್ಟಿದ್ದ.

ಗುಬ್ಬಿಯೇ ಮೊದಲು ಕೇಳಿದ. "ಅಣ್ಣ ಏನಾದ್ರೂ ಫೋನ್ ಮಾಡಿದ್ರಾ?"

"ಯಾವ ಅಣ್ಣನೋ? ನೀನು ಸಿಕ್ಕಿಬಿದ್ದ ದಿನವೇ ಬಾಲ ಮುದುರ್ಕೊಂಡು ಓಡಿಹೋದನಲ್ಲ, ಆ ಹೇಡಿ ನಿನಗೆ ಅಣ್ಣನಾ?"

ಗುಬ್ಬಿ ಅವಳನ್ನೇ ನೋಡುತ್ತ ರಿಸೀವರನ್ನು ಎಡಗಿವಿಗೆ ಬದಲಾಯಿಸಿಕೊಂಡ. ಅವಳು ಅವನ ತುಟಿಯಂಚಿನ ನಗುವಿಗಾಗಿ ಕಾದಳು. ನಗು ಬರಲಿಲ್ಲ. ಭೇಟಿ ಮುಗಿಯಿತೆಂಬ ಗಂಟೆ ಹೊಡೆಯುವವರೆಗೂ ಅವಳು ಆ ಕಿವಿಗೇ ಬೈಯುತ್ತ ಕೂತಳು.