ಗ್ಯಾಸ್ಟ್ರಿಕ್ ಅಷ್ಟೇ

ಆರ್.ಟಿ. ನಗರದ ನಿರಂಜನನ ಹತ್ತಿರ ಕಾರು ಕಲಿತವರಿಗೆ ಬೇರೇನು ಬರಲಿ ಬಿಡಲಿ, ಪೆಟ್ರೋಲ್ ಬಂಕಿನೊಳಗೆ ಗಾಡಿ ತಿರುಗಿಸಿ ಮೂಲೆಯಲ್ಲಿ ನಿಲ್ಲಿಸುವುದು ಮಾತ್ರ ಚೆನ್ನಾಗಿ ಬರುತ್ತದೆ. ರಿವರ್ಸ್ ಎಂದರೆ ಬೆವರುವವರೂ ಇದರಲ್ಲಿ ಪಳಗಿರುತ್ತಾರೆ. ಪಾಠದ ನಡುವೆ ಮೇಷ್ಟ್ರ ಮುಖ ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ, "ಲೆಫ್ಟ್ ತಗೊಳಿ, ಲೆಫ್ಟ್ ತಗೊಳಿ, ಒಳಗೆ ಹಾಕಿ" ಎಂಬ ಅಪ್ಪಣೆಯಾಗುತ್ತದೆ. ಹೊಸಬರು ಇದೂ ಪಾಠವೇ ಇರಬೇಕು ಎಂದುಕೊಳ್ಳುತ್ತಾರೆ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆಗೆದು ಅವನು ಓಡುವ ರಭಸ ನೋಡಿದ ಮೇಲೆ ಅವರಿಗೆ ವಿಷಯ ತಿಳಿಯುತ್ತದೆ.

ಕಾಲು ಮುರಿದವನನ್ನು ಕಂಡರೆ ಆಟೋದವನೂ ಕೈ ಹಿಡಿದು ಇಳಿಸುತ್ತಾನೆ. ಹೊಟ್ಟೆ ಕೆಟ್ಟವನನ್ನು ಕಂಡರೆ ಜನ ನಗುತ್ತಾರೆ. ನಿರಂಜನನಿಗೆ ಈ ನಗು ಅಭ್ಯಾಸವಾಗಿ ಎಷ್ಟೋ ವರ್ಷಗಳಾಗಿವೆ. ಕೆಲವು ದಿನ ಬೆಳಿಗ್ಗೆ ಎಷ್ಟು ಸಲ ಹೋಗಿ ಬಂದರೂ ಇನ್ನೂ ಬಾಕಿ ಇದೆ ಎನ್ನಿಸುತ್ತದೆ. ಮತ್ತೆ ಕೆಲವು ದಿನ ಏನು ಮಾಡಿದರೂ ಆಗದೆ ಹೊಟ್ಟೆ ಉಬ್ಬರಿಸಿಕೊಂಡು ಪ್ಯಾಂಟಿನ ಗುಂಡಿ ಹಾಕಲಾಗುವುದಿಲ್ಲ. ಕಾಫಿ ಕುಡಿದರೆ ಓಟ, ಮದುವೆ ಊಟ ಉಂಡರೆ ಓಟ, ಕಲಿತವರನ್ನು ಲೈಸೆನ್ಸ್ ಟೆಸ್ಟಿಗೆ ಕರೆದುಕೊಂಡು ಹೋಗುವ ದಿನ ಏನೂ ತಿನ್ನದಿದ್ದರೂ ಓಟ. ಅವನ ಡ್ರೈವಿಂಗ್ ಸ್ಕೂಲಿನ ದಾರಿಗಳೆಲ್ಲ ಹೀಗೆ ಹುಟ್ಟಿದವು. ಗಂಗಾನಗರದ ಬಂಕು, ಅಲ್ಲಿಂದ ಮುಂದೆ ಒಂದು ದರ್ಶಿನಿ, ಆಮೇಲೆ ವಾಚ್‌ಮನ್ ಪರಿಚಯವಿರುವ ಒಂದು ಕಲ್ಯಾಣ ಮಂಟಪ. ಹೆಬ್ಬಾಳದ ಫ್ಲೈಓವರನ್ನು ಮಾತ್ರ ಅವನು ಆದಷ್ಟೂ ತಪ್ಪಿಸುತ್ತಿದ್ದ. ಅದರ ಮೇಲೆ ಒಮ್ಮೆ ಸಿಕ್ಕಿಹಾಕಿಕೊಂಡರೆ ಇಳಿದು ಓಡುವುದಕ್ಕೂ ಜಾಗವಿಲ್ಲ.

ಮನೆಯಲ್ಲಿ ಹೆಂಡತಿ ಹರಿಪ್ರಿಯಾ ಇದನ್ನೆಲ್ಲ ಬೈಗುಳದಲ್ಲೇ ನಿಭಾಯಿಸುತ್ತಿದ್ದಳು. "ಆ ಬಜ್ಜಿ ಮುಟ್ಬೇಡಿ ಅಂತ ಬಾಯಿ ಬಡ್ಕೊಂಡೆ. ಕೇಳಿದ್ರಾ? ಈಗ ಬಾತ್‌ರೂಮಲ್ಲೇ ಚಾಪೆ ಹಾಸ್ಕೊಡ್ಲಾ?" ಎಂದು ಬಾಗಿಲ ಹೊರಗಿನಿಂದಲೇ ಶುರುಮಾಡುತ್ತಿದ್ದಳು. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಬಿಸಾಡುವುದು ಅವನ ಹುಟ್ಟುಗುಣ, ಅದಕ್ಕೆ ಬೈಯುವುದು ಅವಳ ನಿತ್ಯಪೂಜೆ. ಇಬ್ಬರಿಗೂ ಇದರಿಂದ ಅಂಥ ತೊಂದರೆಯೇನೂ ಇರಲಿಲ್ಲ.

ತೊಂದರೆ ಶುರುವಾದದ್ದು ಬ್ಯಾಟರಾಯನಪುರದ ಆಸ್ಪತ್ರೆಯಲ್ಲಿ.

ಹೊಟ್ಟೆ ಕಚ್ಚುವುದು ಜಾಸ್ತಿಯಾಗಿ, ಜೊತೆಗೆ ಲೋಳೆಯಂಥದು ಹೋಗತೊಡಗಿದಾಗ ಅವನು ಡಾಕ್ಟರರ ಹತ್ತಿರ ಹೋದ. ತೀರಿಹೋದ ಅಣ್ಣನ ಕಥೆ ಕೇಳಿದ ಆ ಡಾಕ್ಟರಮ್ಮ, "ಮನೇಲಿ ಒಬ್ಬರಿಗೆ ಇತ್ತು ಅಂದ್ಮೇಲೆ ಒಂದ್ಸಲ ಒಳಗೆ ಕ್ಯಾಮೆರಾ ಬಿಟ್ಟು ನೋಡೇಬಿಡೋಣ" ಎಂದರು.

ಅಣ್ಣನ ಹೆಸರು ಅಶ್ವತ್ಥ್. ಅವನಿಗೂ ಹೀಗೇ ಹೊಟ್ಟೆನೋವಿನಿಂದ ಶುರುವಾಗಿ, ಕೊನೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಗೊತ್ತಾದದ್ದು ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ. ರೋಗಿಗೆ ಹೇಳಬಾರದು, ಧೈರ್ಯ ಕುಂದುತ್ತದೆ ಎಂದು ದೊಡ್ಡವರು ತೀರ್ಮಾನ ಮಾಡಿದರು. ನಮ್ಮ ಮನೆಗಳಲ್ಲಿ ಪ್ರೀತಿ ಎಂದರೆ ಹೀಗೇ, ಸಾಯುವವನಿಗೆ ಬಿಟ್ಟು ಊರಿಗೆಲ್ಲ ಹೇಳುವುದು. ಅಣ್ಣ ಹೆಚ್ಚು ನಂಬುವುದು ತಮ್ಮನನ್ನೇ ಎಂದು ಆ ಮಾತನ್ನು ಹೇಳುವ ಕೆಲಸ ನಿರಂಜನನಿಗೆ ಬಂತು. "ಗ್ಯಾಸ್ಟ್ರಿಕ್ ಅಷ್ಟೇ ಅಣ್ಣ. ಟೈಮಿಗೆ ಸರಿಯಾಗಿ ಊಟ ಮಾಡು" ಎಂದು ಅವನು ಹೇಳಿದ. ಅವತ್ತಿನಿಂದ ಮನೆಯ ಗಾಳಿಯೇ ಬದಲಾಯಿತು. ಬೀದಿ ಕೊನೆಯವರೆಗೂ ಕೇಳುವ ಗಂಟಲಿನ ಸೀತಾ ಅತ್ತಿಗೆ ಗಂಡನ ಮೇಲೆ ದನಿ ಎತ್ತುವುದನ್ನು ಬಿಟ್ಟರು. ಕೇಳಿದ್ದೆಲ್ಲ ತಟ್ಟೆಗೆ ಬಂತು. ನೆಂಟರು ದಾಳಿಂಬೆ ಹಿಡಿದುಕೊಂಡು ಬಂದು, ಗಟ್ಟಿಯಾಗಿ ನಕ್ಕು ಹೋದರು. ಅಣ್ಣ ಆ ನಗುವಿನ ನಡುವೆಯೇ ಕರಗಿ ಹೋದ.

ಕ್ಯಾಮೆರಾ ಬಿಡುವ ಹಿಂದಿನ ದಿನವೆಲ್ಲ ನಿರಂಜನ ಹೊಟ್ಟೆ ತೊಳೆಯುವ ಔಷಧಿಯ ನೀರು ಕುಡಿದು ಕುಡಿದು ಖಾಲಿಯಾದ. ಮರುದಿನ ಮತ್ತಿನ ಇಂಜೆಕ್ಷನ್ ಕೊಟ್ಟು ನೋಡಿದರು. ಮಂಪರು ಇನ್ನೂ ಇಳಿಯದೆ ಮಲಗಿದ್ದಾಗ ಪರದೆಯ ಸಂದಿಯಿಂದ ಅವನಿಗೆ ಒಂದು ನೋಟ ಕಂಡಿತು. ಡಾಕ್ಟರು ಹರಿಪ್ರಿಯಾಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಏನೋ ಹೇಳುತ್ತಿದ್ದರು. ಅವಳು ಕಣ್ಣು ಕೆಳಗೆ ಹಾಕಿ, ಸೆರಗಿನ ತುದಿ ಸುತ್ತಿಕೊಳ್ಳುತ್ತ ತಲೆಯಾಡಿಸುತ್ತಿದ್ದಳು. ಅಣ್ಣನ ಸಲ ಆಸ್ಪತ್ರೆಯ ಕಾರಿಡಾರಿನಲ್ಲಿ ತಾನೂ ಹೀಗೇ ತಲೆಯಾಡಿಸಿದ್ದು ಅವನಿಗೆ ನೆನಪಾಯಿತು.

ಆಮೇಲೆ ಡಾಕ್ಟರು ಅವನ ಬಳಿಗೂ ಬಂದರು. "ಏನೂ ಇಲ್ಲ ಕಣ್ರೀ, ಕರುಳು ಕ್ಲೀನಾಗಿದೆ. ಇದಕ್ಕೆ ಐಬಿಎಸ್ ಅಂತಾರೆ. ಕರುಳಿನ ರೂಪ ಸರಿಯಿದೆ, ನಡವಳಿಕೆ ಸರಿಯಿಲ್ಲ. ಅದಕ್ಕೆ ಕೋಪ ಬೇಗ, ಹೆದರಿಕೆನೂ ಬೇಗ. ಪ್ರಾಣಕ್ಕೇನೂ ಅಪಾಯ ಇಲ್ಲ."

"ಮನೆಯವರಿಗೆ ಏನ್ ಹೇಳಿದ್ರಿ ಡಾಕ್ಟ್ರೇ?"

"ಊಟ ತಿಂಡಿ ಹೆಂಗೆ ನೋಡ್ಕೋಬೇಕು ಅಂತ ಹೇಳಿದೆ ಅಷ್ಟೇ."

ಅಷ್ಟೇ. ಅಣ್ಣನಿಗೆ ನಿರಂಜನ ಹೇಳಿದ್ದೂ ಇದೇ ಪದ. ಗ್ಯಾಸ್ಟ್ರಿಕ್ ಎಂಬುದನ್ನೇ ಓದಿದವರು ಇಂಗ್ಲಿಷಿನ ಮೂರು ಅಕ್ಷರದಲ್ಲಿ ಹೇಳುತ್ತಿದ್ದಾರೆ, ಬೇರೇನಲ್ಲ ಎಂದು ಅವನು ಖಚಿತ ಮಾಡಿಕೊಂಡ. ರಿಪೋರ್ಟನ್ನು ಹರಿಪ್ರಿಯಾ ತನ್ನ ಕೈಗೇ ಕೊಟ್ಟರೂ ಅವನು ತೆರೆಯಲಿಲ್ಲ. ಅಣ್ಣನಿಗೂ ಏನೂ ಇಲ್ಲವೆಂಬ ಒಂದು ರಿಪೋರ್ಟು ತೋರಿಸಿದ್ದರು.

ಆದರೂ ಮನೆಗೆ ಬಂದು ಪರೀಕ್ಷೆ ಮಾಡಿದ. ಸ್ನಾನ ಮುಗಿಸಿ ಒದ್ದೆ ಟವೆಲ್ಲನ್ನು ಹಾಸಿಗೆಯ ನಟ್ಟನಡುವೆ ಎಸೆದು, ಉಸಿರು ಹಿಡಿದು ಕಾದ. ಹರಿಪ್ರಿಯಾ ಒಳಗೆ ಬಂದಳು. ಟವೆಲ್ ನೋಡಿದಳು. ಬಾಯಿ ತೆರೆದು, ಮುಚ್ಚಿ, ಟವೆಲ್ಲನ್ನು ಎತ್ತಿಕೊಂಡು ಹೋಗಿ ತಂತಿಯ ಮೇಲೆ ಹರವಿದಳು. "ಗಂಜಿ ಮಾಡಿದೀನಿ, ಬಿಸಿ ಇದೆ, ಬನ್ನಿ" ಎಂದಳು.

ನಿರಂಜನ ಹಾಸಿಗೆಯ ಆ ಒದ್ದೆ ಜಾಗದ ಮೇಲೇ ಕೂತುಬಿಟ್ಟ.

ಅಲ್ಲಿಂದ ಮುಂದೆ ನೋಡಿದಲ್ಲೆಲ್ಲ ಅದೇ. ತುಮಕೂರಿಗೆ ಕೊಟ್ಟ ಮಗಳು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದವಳು ದಿನವೂ ಮಾಡಿ, "ಅಪ್ಪ, ಟೆನ್ಷನ್ ತಗೋಬೇಡಿ" ಎನ್ನತೊಡಗಿದಳು. ಯಲಹಂಕದಿಂದ ಸೀತಾ ಅತ್ತಿಗೆ ಬಂದರು, ಕೈಯಲ್ಲಿ ದಾಳಿಂಬೆಯ ಚೀಲ. "ಗ್ಯಾಸ್ಟ್ರಿಕ್ ತಾನೇ ನಿರಂಜನ, ಇಸಬ್‌ಗೋಲ್ ತಗೋ, ಎಲ್ಲಾ ಸರಿಹೋಗುತ್ತೆ" ಎಂದು ಭುಜ ತಟ್ಟಿದರು. ಆ ಅಂಗೈ ಬಿದ್ದ ಜಾಗ ಸಂಜೆಯವರೆಗೂ ತಣ್ಣಗಿತ್ತು. ಹೆದರಿಕೆಗೆ ಹೊಟ್ಟೆ ಇನ್ನಷ್ಟು ಕೆಟ್ಟಿತು, ಓಟ ಹೆಚ್ಚಾಯಿತು, ತಿನ್ನುವುದಕ್ಕೇ ಭಯವಾಯಿತು. ತಿನ್ನದೆ ಮೈ ಇಳಿಯಿತು. ಕನ್ನಡಿಯಲ್ಲಿ ಕತ್ತಿನ ಕೆಳಗಿನ ಮೂಳೆ ಎದ್ದು ಕಂಡಾಗ, ಇದು ಅಣ್ಣನ ಮೂಳೆ ಎಂದುಕೊಂಡು ಅವನು ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡ. ಅವನು ಸೊರಗಿದಷ್ಟೂ ಹರಿಪ್ರಿಯಾ ಮೆತ್ತಗಾದಳು. ಅವಳು ಮೆತ್ತಗಾದಷ್ಟೂ ಅವನು ಸೊರಗಿದ. ಕೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಕೇಳಿದರೆ ಏನು ಉತ್ತರ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆ ಉತ್ತರವನ್ನು ಅವನೇ ಒಮ್ಮೆ ಕೊಟ್ಟಿದ್ದನಲ್ಲ.

ಆಗ ಅವನ ಹತ್ತಿರ ಕುಲ್ಸುಮ್ ಎಂಬ ಹೆಂಗಸು ಕಾರು ಕಲಿಯುತ್ತಿದ್ದರು. ಆರ್.ಟಿ. ನಗರದವರೇ, ಐವತ್ತು ದಾಟಿದವರು. ಗಂಡ ಜಾಫರ್ ಸಾಹೇಬರಿಗೆ ಕಣ್ಣು ಮಂದವಾದ ಮೇಲೆ ಮನೆಯ ಕಾರು ಸುಮ್ಮನೆ ನಿಂತಿದೆಯೆಂದು ಕಲಿಯಲು ಬಂದಿದ್ದರು. ಕ್ಲಚ್ ಬಿಡುವುದರಲ್ಲಿ ಅವರದು ಒಂದು ಜಿಗಿತ. ಮೊದಮೊದಲು ನಿರಂಜನ ಅವರಿಗೆ ಬೈದದ್ದು ಅಷ್ಟಿಷ್ಟಲ್ಲ. "ಅಮ್ಮಾ, ಅದು ಕ್ಲಚ್ಚು, ಹೊಲಿಗೆ ಮಿಷಿನ್ನಿನ ಪೆಡಲ್ ಅಲ್ಲ" ಎಂದು ಕೂಗುತ್ತಿದ್ದ.

ಆ ದಿನ ಬೆಳಿಗ್ಗೆ ಸರ್ವಿಸ್ ರಸ್ತೆ ಅಗೆದಿದ್ದರಿಂದ ಬೇರೆ ದಾರಿಯಿಲ್ಲದೆ ಗಾಡಿ ಹೆಬ್ಬಾಳದ ಫ್ಲೈಓವರ್ ಹತ್ತಿತು. ಹತ್ತಿದ್ದೇ ನಿಂತಿತು. ಮುಂದೆ ಬಸ್ಸು, ಹಿಂದೆ ಟ್ಯಾಂಕರು, ಪಕ್ಕದಲ್ಲಿ ಗೋಡೆ. ನಿರಂಜನನ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತೆ ತಿರುಚಿತು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಕುಲ್ಸುಮ್ ಏರಿನಲ್ಲಿ ಗಾಡಿಯನ್ನು ಬಂದ್ ಮಾಡಿದರು, ಮತ್ತೆ ಮಾಡಿದರು, ಟ್ಯಾಂಕರಿನ ಮೂತಿಗೆ ಹತ್ತಿರವಾಗುವಷ್ಟು ಹಿಂದಕ್ಕೆ ಜಾರಿಸಿದರು. ನಿರಂಜನ ತನ್ನ ಕಡೆಯ ಬ್ರೇಕು ತುಳಿದು, "ಪರವಾಗಿಲ್ಲಮ್ಮ, ಇನ್ನೊಂದ್ಸಲ ಮಾಡಿ" ಎಂದ. ಅವನ ಮನಸ್ಸು ಅಲ್ಲಿರಲಿಲ್ಲ. ಇಲ್ಲೇ ಈ ಸೀಟಿನಲ್ಲೇ ಮಾನ ಹೋಗುತ್ತದೆ, ಆಮೇಲೆ ಪ್ರಾಣವೂ ಹೋಗುತ್ತದೆ ಎಂದು ಅವನು ಎರಡೂ ಕೈಯಿಂದ ಸೀಟು ಹಿಡಿದು ಕೂತಿದ್ದ.

ಹೇಗೋ ಸಾಲು ಕದಲಿತು. ಕುಲ್ಸುಮ್ ಹಲ್ಲು ಕಚ್ಚಿ ಗಾಡಿ ಇಳಿಸಿ, ಹೇಳಿಸಿಕೊಳ್ಳದೆಯೇ ಎಡಕ್ಕೆ ಹೊರಳಿಸಿ ಬಂಕಿನೊಳಗೆ ನಿಲ್ಲಿಸಿದರು. ಅವನು ಓಡಿದ. ಮಾನ ಉಳಿಯಿತು. ಮುಖ ತೊಳೆದುಕೊಂಡು ಬಂದಾಗ ಅವರು ಸ್ಟೇರಿಂಗ್ ಬಿಟ್ಟು ಸುಮ್ಮನೆ ಕೂತಿದ್ದರು.

"ಸಾರ್, ಒಂದು ಮಾತು ಕೇಳ್ತೀನಿ. ನನ್ನ ಕೈಲಿ ಆಗಲ್ಲ ಅಂತ ಬಿಟ್ಬಿಟ್ರಾ?"

"ಯಾಕಮ್ಮ?"

"ಟ್ಯಾಂಕರಿಗೆ ಗುದ್ದೋಕೆ ಹೋದೆ, ಆದ್ರೂ ನೀವು ಬೈಲಿಲ್ಲ. ಈ ವಾರ ಪೂರ್ತಿ ಬೈದಿಲ್ಲ. ಅಲ್ಲಾ, ನನಗೆ ಫ್ಲೈಓವರ್ ಮೇಲೆ ಎಷ್ಟು ಭಯ ಆಯ್ತು ಗೊತ್ತಾ? ನೀವು ಬೈತಾ ಇದ್ರೆ ಕಲೀತೀನಿ ಅಂತ ಧೈರ್ಯ ಇರುತ್ತೆ. ಏನಾದ್ರೂ ಇದ್ರೆ ಮುಖಕ್ಕೇ ಹೇಳ್ಬಿಡಿ ಸಾರ್."

ನಿರಂಜನ ಅವರನ್ನೇ ನೋಡಿದ. "ನಿಮ್ಮದೇನೂ ತಪ್ಪಿಲ್ಲಮ್ಮ. ನನಗೆ ಹೊಟ್ಟೆನೋವು, ಅದಕ್ಕೇ ಸುಮ್ಮನಿದ್ದೆ" ಎಂದ. ಹೇಳಿದ ಮೇಲೆ ಅದೇ ಮಾತು ತಿರುಗಿ ಅವನನ್ನೇ ತಟ್ಟಿತು. ಬೈಯದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದಲ್ಲ. ಅವತ್ತಿನ ಉಳಿದ ಪಾಠಗಳನ್ನು ರದ್ದುಮಾಡಿ, ಬಿಸಿಲಿನಲ್ಲೇ ಮನೆಗೆ ಹೋದ.

ಹರಿಪ್ರಿಯಾ ಬೀನ್ಸ್ ಮುರಿಯುತ್ತ ಕೂತಿದ್ದಳು. ಅವನು ನಿಂತೇ ಕೇಳಿದ.

"ನನ್ನನ್ನ ಯಾಕೆ ಬೈತಿಲ್ಲ ನೀನು?"

"ಏನ್ರೀ?"

"ಟವೆಲ್ ಬಿಸಾಕಿದ್ರೂ ಬೈಲಿಲ್ಲ. ಮಗಳು ದಿನಾ ಫೋನ್ ಮಾಡ್ತಾಳೆ. ಅತ್ತಿಗೆ ದಾಳಿಂಬೆ ತರ್ತಾರೆ. ಅಣ್ಣಂಗೂ ಹೀಗೇ ಮಾಡಿದ್ವಿ. ಎಷ್ಟು ದಿನ ಅಂದ್ರು ಡಾಕ್ಟ್ರು? ನನಗೆ ಹೇಳ್ಬಿಡು ಪ್ರಿಯಾ, ಹೆದರಿ ಹೆದರಿ ಸಾಕಾಗಿದೆ."

ಹರಿಪ್ರಿಯಾಳ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತು. ಅವನು ಹೇಳಿದ್ದು ಅರ್ಥವಾದ ಮೇಲೆ ಮುಖ ಕೆಂಪಾಯಿತು.

"ಡಾಕ್ಟ್ರು ಹೇಳಿದ್ದು, ಈ ಕರುಳಿಗೆ ಟೆನ್ಷನ್ನೇ ವಿಷ, ಮನೇಲಿ ಬೈಯೋದು ಕಿರುಚೋದು ಕಮ್ಮಿ ಮಾಡಿ ಅಂತ. ಮಗಳಿಗೂ ಸೀತಕ್ಕಂಗೂ ನಾನೇ ಹೇಳ್ದೆ. ನಾಲಿಗೆ ಕಚ್ಕೊಂಡು ಕಚ್ಕೊಂಡು ನನ್ನ ನಾಲಿಗೇಲಿ ಹುಣ್ಣಾಗಿದೆ. ನೀವು ಸಾಯ್ತೀರ ಅಂತ ಗೊತ್ತಿದ್ದೂ ನಾನು ಇಲ್ಲಿ ಆರಾಮಾಗಿ ಗಂಜಿ ಬೇಯಿಸ್ಕೊಂಡು ಕೂತಿರ್ತೀನಿ ಅಂದ್ಕೊಂಡ್ರಾ? ಇಷ್ಟು ವರ್ಷ ಬಾಳಿ ನೀವು ನನ್ನನ್ನ ತಿಳ್ಕೊಂಡಿದ್ದು ಇಷ್ಟೇನಾ? ಮೂರು ಹೊತ್ತೂ ಆ ಒದ್ದೆ ಟವೆಲ್ಲು, ಹಾಸಿಗೆ ಮುಗ್ಗುಲು ಹಿಡಿದು ನಾರ್ತಿದೆ, ಮೂಗು ಮುಚ್ಕೊಂಡು ಮಲಗ್ತಿದೀನಿ ನಾನು. ಆಸ್ಪತ್ರೆಯಿಂದ ಬಂದ ಮೇಲೂ ಕದ್ದು ಬಜ್ಜಿ ತಿಂದಿದೀರ, ಶರ್ಟಿನ ಜೇಬಲ್ಲಿ ಎಣ್ಣೆ ಕಾಗದ ಸಿಕ್ಕಿತ್ತು, ಆಗ್ಲೂ ಸುಮ್ಮನಿದ್ದೆ. ಬುದ್ಧಿ ಅನ್ನೋದು ಒಂಚೂರಾದ್ರೂ ಬೇಡ್ವಾ?"

ದನಿ ಏರಿತು. ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ನಿರಂಜನ ಕುರ್ಚಿಯಲ್ಲಿ ಕುಸಿದು ಕೂತ. ಇದು ನಾಟಕವಲ್ಲ. ಸಾಯುವವನಿಗೆ ಯಾರೂ ಎಣ್ಣೆ ಕಾಗದದ ಲೆಕ್ಕ ಕೇಳುವುದಿಲ್ಲ. ಅವನಿಗೆ ಅಳು ಬಂದೇಬಿಟ್ಟಿತು. ಹರಿಪ್ರಿಯಾ ಗಾಬರಿಯಾಗಿ ಮಾತು ನಿಲ್ಲಿಸಿದಳು.

"ನಿಲ್ಲಿಸ್ಬೇಡ, ಬೈ" ಎಂದ ಅವನು.

ಅವಳು ಬೈಯಲಿಲ್ಲ. ಬೀನ್ಸಿನ ಮೊರ ಪಕ್ಕಕ್ಕಿಟ್ಟು ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಅದು ಬೆಚ್ಚಗಿತ್ತು. ಹೊಟ್ಟೆ ಆಗಲೂ ಮೆಲ್ಲಗೆ ತಿರುಚುತ್ತಲೇ ಇತ್ತು. ಅದು ಇನ್ನು ಅವನ ಜೊತೆಗೇ ಇರುವಂಥದು, ಆದರೆ ಕೊಲ್ಲುವಂಥದಲ್ಲ. ಭಯ ಇಳಿದ ಜಾಗದಲ್ಲಿ ಬೇರೊಂದು ನೆನಪು ಮೇಲೆದ್ದು ಬಂತು.

ಅಣ್ಣ ಇನ್ನೂ ಓಡಾಡುತ್ತಿದ್ದ ದಿನಗಳಲ್ಲಿ ಒಂದು ಸಂಜೆ ನಿರಂಜನ ಅವನನ್ನು ಕಾರಿನಲ್ಲಿ ಅಲ್ಲಾಳಸಂದ್ರದ ಕೆರೆಯ ಹತ್ತಿರ ಕರೆದುಕೊಂಡು ಹೋಗಿದ್ದ. ಅಣ್ಣ ಕಲ್ಲುಬೆಂಚಿನ ಮೇಲೆ ಕೂತು ಕೇಳಿದ್ದ. "ಲೋ ನಿರಂಜನ, ಸೀತಾ ಈಗೀಗ ನನ್ನ ಬೈಯೋದೇ ಇಲ್ಲ ಕಣೋ. ಯಾಕೋ?"

"ಗ್ಯಾಸ್ಟ್ರಿಕ್ ಅಲ್ವಾ ಅಣ್ಣ, ಅದಕ್ಕೆ" ಎಂದು ಅವನು ಹೇಳಿದ್ದ.

ಅಣ್ಣ "ಹೂಂ" ಎಂದು ಕೆರೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದ. ಆ ಹೂಂ ಒಳಗೆ ಎಷ್ಟು ಹೆದರಿಕೆ ಇತ್ತೆಂದು ನಿರಂಜನನಿಗೆ ಈಗ ಗೊತ್ತಾಯಿತು.