ಅಪ್ಪ ಇದ್ದೂ ಬೋಳಿಸಿಕೊಂಡ ತಲೆ

ನಮ್ಮ ಊರಿನಲ್ಲಿ ಬಿ.ಎ. ಪಾಸು ಮಾಡಿದ ಮೊದಲನೆಯವನು ನಾನು. ಹಾಗೆ ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಸೊರಬ ತಾಲ್ಲೂಕಿನಲ್ಲಿ, ಕುಬಟೂರಿನ ಆಚೆ ನಮ್ಮ ಊರು. ಅಪ್ಪ ಹೆಬ್ಬೆಟ್ಟು ಒತ್ತುವ ರೈತ. ನಾನು ಪಾಸಾದ ಸುದ್ದಿ ಬಂದ ದಿನ ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನೂ ಕರೆದು ಬೆಲ್ಲ ಕೊಟ್ಟಿದ್ದ.

ಶಿಕಾರಿಪುರದ ಹೈಸ್ಕೂಲಿನಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್‌ಮೇಷ್ಟ್ರು ನನ್ನ ಬಗ್ಗೆ ಒಳ್ಳೆಯ ಮಾತು ಬರೆದರೆ ಉಂಟು, ಇಲ್ಲವಾದರೆ ಇಲ್ಲ. ಅಂಥ ಹೊತ್ತಿನಲ್ಲೇ ನನಗೆ ಅದು ಶುರುವಾಯಿತು.

ಚರಿತ್ರೆ ಪಾಠ ಮಾಡುತ್ತಿದ್ದೆ. ಬೋರ್ಡಿನ ಕಡೆಯಿಂದ ಹುಡುಗರ ಕಡೆಗೆ ತಿರುಗಿದೆ. ಮುಂದಿನ ಮಾತು ಬರಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು, ಕೈ ತಣ್ಣಗಾಯಿತು, ಈಗಲೇ ಸತ್ತುಹೋಗುತ್ತೇನೆ ಅನಿಸಿತು. ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟೆ. ಜ್ವರ ಎಂದು ಹೇಳಿದೆ. ಮತ್ತೆ ಮತ್ತೆ ಹಾಗೆ ಆಯಿತು. ಕೊನೆಗೆ ಬೆಳಿಗ್ಗೆ ಎದ್ದು ಮುಖ ತೊಳೆಯಲು ಹೋದರೆ ಕಾರಣವಿಲ್ಲದೆ ಅಳು ಬರುತ್ತಿತ್ತು. ತಂಬಿಗೆ ಹಿಡಿದು ಅಳುತ್ತಾ ನಿಂತಿರುವ ಪದವೀಧರ. ಹೊಟ್ಟೆನೋವು ಎಂದು ರಜೆ ಬರೆದು ಊರಿಗೆ ಬಂದೆ.

ಊರಿನಲ್ಲಿ ಹೊಟ್ಟೆನೋವಿನ ಸುಳ್ಳು ನಡೆಯಲಿಲ್ಲ. ಮೂಲೆಯಲ್ಲಿ ಕೂತವನನ್ನು ನೋಡಲು ಜನ ಬರತೊಡಗಿದರು. ಬೆಲ್ಲ ತಿನ್ನಲು ಬಂದಿದ್ದವರೇ. ಓದಿ ಓದಿ ತಲೆಗೆ ಬಿಸಿ ಏರಿದೆ ಎಂದರು. ಪಕ್ಕದ ಮನೆಯ ಅಜ್ಜಿಯೊಬ್ಬಳು ನಾನು ಕೇಳುವಂತೆಯೇ, ತನ್ನ ಮೊಮ್ಮಗನನ್ನು ನಾಲ್ಕನೇ ಕ್ಲಾಸಿಗೆ ನಿಲ್ಲಿಸುವುದು ಒಳ್ಳೆಯದು ಅಂದಳು. ಕಾಯಿಲೆಗಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು.

ಕಾಲೇಜಿನಲ್ಲಿದ್ದಾಗ ಧ್ಯಾನದ ಮೇಲೆ ಒಂದು ಪುಸ್ತಕ ಓದಿದ್ದೆ. ಅದರಲ್ಲಿ ಹೇಳಿದಂತೆ ಕಣ್ಣು ಮುಚ್ಚಿ ಕೂತು ನೋಡಿದೆ. ಕಣ್ಣು ಮುಚ್ಚಿದರೆ ನನ್ನ ಎದೆಯ ಸದ್ದು ಇನ್ನೂ ಜೋರಾಗಿ ಕೇಳಿ, ಎದ್ದು ಅಂಗಳಕ್ಕೆ ಓಡುತ್ತಿದ್ದೆ. ಓದಿನಿಂದ ಬಂದದ್ದು ಓದಿನಿಂದಲೇ ಹೋಗುತ್ತದೆ ಎಂಬ ಜಂಬವೂ ಅಲ್ಲಿಗೆ ಮುಗಿಯಿತು.

ಅಪ್ಪ ಸೊರಬದ ದಾರಿಯಲ್ಲಿದ್ದ ಒಬ್ಬ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದ. ಅವರು ನಾಡಿ ನೋಡಿ, ತಲೆ ಪೂರ್ತಿ ಬೋಳಿಸಿ ನೆತ್ತಿಗೆ ಲೇಪ ಹಾಕಬೇಕು ಎಂದರು. ಒಣ ನೆಲ್ಲಿಚೆಟ್ಟು, ಒಂದೆಲಗ ಎರಡನ್ನೂ ಮಜ್ಜಿಗೆಯಲ್ಲಿ ಅರೆದು ನೆತ್ತಿಗಿಟ್ಟು, ಅಲ್ಲಾಡದೆ ಕೂರಬೇಕು. ಮಾತು ಬೇಡ, ಪುಸ್ತಕ ಬೇಡ.

ಲೇಪಕ್ಕೆ ಯಾರೂ ಬೇಡವೆನ್ನಲಿಲ್ಲ. ಬೋಳಿಸುವ ಮಾತಿಗೆ ಅವ್ವ ಗೋಡೆ ಹಿಡಿದುಕೊಂಡಳು. ನಮ್ಮಲ್ಲಿ ಗಂಡುಮಗ ತಲೆ ಬೋಳಿಸುವುದು ಹೆತ್ತವರು ತೀರಿಕೊಂಡಾಗ. ಕ್ಷೌರದವನೂ ಕತ್ತಿ ಎತ್ತಲು ಒಪ್ಪಲಿಲ್ಲ. ಕೊನೆಗೆ ಅಪ್ಪ ಅವನೆದುರಿಗೇ ಕುಕ್ಕರಗಾಲಿನಲ್ಲಿ ಕೂತು, ನಾನಿಲ್ಲೇ ಕೂತಿರ್ತೀನಿ, ನನ್ನ ಮುಖ ನೋಡ್ಕಂಡು ಬೋಳ್ಸು ಎಂದ. ಕ್ಷೌರದವನು ಬೋಳಿಸಿದ, ಆದರೆ ಮೀಸೆ ಮಾತ್ರ ಮುಟ್ಟಲಿಲ್ಲ. ಮೀಸೆ ಇದ್ದರೆ ಅಪ್ಪ ಇದ್ದಾನೆ ಅಂತ ಜನಕ್ಕೆ ತಿಳೀತದೆ ಎಂದು ಅವನ ಲೆಕ್ಕ.

ಲೇಪ ಇಟ್ಟುಕೊಂಡು ಕೂರುವುದು ಬೇರೆಯೇ ಕೆಲಸ. ತಲೆ ಸ್ವಲ್ಪ ವಾಲಿದರೂ ಹುಳಿ ಮಜ್ಜಿಗೆ ಕಣ್ಣಿಗೆ ಇಳಿದು ಉರಿಯುತ್ತದೆ. ಹಾಗಾಗಿ ಅಲ್ಲಾಡದೆ ಕೂರಲೇಬೇಕು. ನೆತ್ತಿಯ ಮೇಲೆ ಮೊದಲು ಕೊರೆಯುವಂಥ ತಂಪು. ಮಾಡಲು ಬೇರೇನೂ ಇಲ್ಲದ್ದರಿಂದ ಆ ತಂಪನ್ನೇ ಗಮನಿಸುತ್ತಾ ಕೂರುತ್ತಿದ್ದೆ. ಅದು ನಿಧಾನವಾಗಿ ಬೆಚ್ಚಗಾಗಿ ನನ್ನ ಮೈಯ ಹಾಗೇ ಆಗುತ್ತಿತ್ತು. ಅಷ್ಟು ಹೊತ್ತು ಎದೆಯ ಕಡೆ ಮನಸ್ಸು ಹೋಗಿರುತ್ತಿರಲಿಲ್ಲ. ಭಯ ಹೋಯಿತು ಎಂದಲ್ಲ. ಬೆಳಿಗ್ಗೆ ಹಾಗೆ ಕೂತರೆ ಮಧ್ಯಾಹ್ನದವರೆಗೆ ಮನುಷ್ಯನ ಹಾಗೆ ಇರುತ್ತಿದ್ದೆ.

ರಜೆ ಮುಗಿಯಿತು. ಕೂದಲು ಬೆಳೆದಿರಲಿಲ್ಲ. ಬೋಳು ತಲೆಯಲ್ಲಿ ಶಾಲೆಗೆ ಹೋದರೆ ಏನೆನ್ನುತ್ತಾರೆ? ತಲೆ ಕೆಟ್ಟಿತ್ತು ಎಂಬ ಮಾತು ಹೆಡ್‌ಮೇಷ್ಟ್ರ ಕಿವಿಗೆ ಬಿದ್ದರೆ ಕೆಲಸ ಹೋದ ಹಾಗೆಯೇ. ಹರಕೆ ತೀರಿಸಿದ್ದು ಎಂದು ಹೇಳುವುದೆಂದು ಅವ್ವ ತೀರ್ಮಾನ ಮಾಡಿದಳು. ಅಪ್ಪ ತಾನೂ ಬರುತ್ತೇನೆ ಎಂದು ಹೊರಟ. “ನಾ ಸತ್ತೀನಿ ಅನ್ಕಂತಾರೆ ತಮ್ಮ. ಒಂದ್ಸಲ ಮುಖ ತೋರ್ಸಿ ಬರ್ತೀನಿ.”

ಬೋಳು ಮರೆಸಲೆಂದು ಹಾಕಿಕೊಂಡ ಟೋಪಿಯನ್ನು ಎಷ್ಟು ಕೆಳಗೆಳೆದರೂ ಕಿವಿಯ ಮೇಲಿನ ಬೋಳು ಮುಚ್ಚುತ್ತಿರಲಿಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಅಪ್ಪ ಇಳಿದು ಹೋದ. ಅಷ್ಟರಲ್ಲಿ ನಾನು ಶಿಕಾರಿಪುರದಲ್ಲಿ ಬಾಡಿಗೆಗಿದ್ದ ಕೋಣೆಯ ಯಜಮಾನರು ಹತ್ತಿದರು. ಜವಳಿ ಅಂಗಡಿಯವರು, ಮಾತುಗಾರರು. ನನ್ನನ್ನು ಕಂಡವರೇ, ಮೀಸೆಯನ್ನು ಗಮನಿಸದೆ, ಮಾತು ನಿಲ್ಲಿಸಿ ಕೈ ಮುಗಿದರು.

“ಯಾವಾಗ ತೀರ್ಕೊಂಡ್ರು ಮೇಷ್ಟ್ರೇ?”

ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಎದುರಿಗಿದ್ದ ಹೆಂಗಸೊಬ್ಬಳು ತನ್ನ ಬುಟ್ಟಿ ಸರಿಸಿ ನನ್ನ ಕಾಲಿಗೆ ಜಾಗ ಮಾಡಿಕೊಟ್ಟಳು. ಹಿಂದಿನ ಸೀಟಿನವರು ದನಿ ತಗ್ಗಿಸಿದರು. ಅಪ್ಪನನ್ನು ಕಳೆದುಕೊಂಡವನು ಮೂಲೆಯಲ್ಲಿ ಸುಮ್ಮನೆ ಕೂರಬಹುದು, ಊಟ ಬಿಡಬಹುದು, ನಡುದಾರಿಯಲ್ಲಿ ಅಳಬಹುದು. ಯಾರೂ ಹುಚ್ಚ ಅನ್ನುವುದಿಲ್ಲ. ಇಷ್ಟು ದಿನ ನಾನು ಮಾಡಿದ್ದೂ ಅದನ್ನೇ. ಸಾವೊಂದು ಇರಲಿಲ್ಲ, ಅಷ್ಟೇ. ಬರೆಯಲು ನಾಚಿಕೆಯಾಗುತ್ತದೆ: ಆ ಒಂದು ಗಳಿಗೆ ಅಪ್ಪ ಸತ್ತಿದ್ದರೆ ಎಷ್ಟು ಸಲೀಸಾಗುತ್ತಿತ್ತು ಎನಿಸಿತು.

“ತಗ ತಮ್ಮ, ಶೇಂಗಾ,” ಎನ್ನುತ್ತಾ ಅಪ್ಪ ಬಸ್ಸು ಹತ್ತಿದ.

ಯಜಮಾನರು ನನ್ನ ಮುಖ ನೋಡಿ, “ಇವ್ರು?” ಅಂದರು.

“ನಾ ಇವನ ಅಪ್ಪ ಕಣ್ರೀ.”

ಯಜಮಾನರ ಮುಖ ಇನ್ನೂ ಸಣ್ಣದಾಯಿತು. “ಅಯ್ಯೋ, ಹಂಗಾದ್ರೆ ತಾಯಿಯವ್ರು...”

“ಅವ್ಳೂ ಗಟ್ಟಿಯಾಗಿದಾಳೆ. ಬೆಳಿಗ್ಗೆ ರೊಟ್ಟಿ ತಟ್ಟಿ ಕಟ್ಕೊಟ್ಟಾಳೆ. ಬೇಕಾದ್ರೆ ಗಂಟು ಬಿಚ್ತೀನಿ.”

ಬಸ್ಸಿನಲ್ಲಿ ಯಾರೋ ನಕ್ಕರು. ಬುಟ್ಟಿಯ ಹೆಂಗಸು ನಗುತ್ತಲೇ ಬುಟ್ಟಿಯನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡಳು. ಮತ್ತೆ ತಲೆ ಯಾಕೆ ಎಂದು ಯಜಮಾನರು ಕೇಳಿದಾಗ ಅಪ್ಪ ಹರಕೆ ಎಂದು ಒಂದೇ ಮಾತು ಹೇಳಿ ಕಿಟಕಿಯ ಕಡೆ ತಿರುಗಿಕೊಂಡ. ಶಿಕಾರಿಪುರದವರೆಗೂ ಆ ಕಡೆಯೇ ನೋಡುತ್ತಿದ್ದ.

ಹೆಡ್‌ಮೇಷ್ಟ್ರು ನಮ್ಮನ್ನು ಕೋಣೆಗೆ ಕರೆದರು. ದೇವರು ದಿಂಡರು ಎಂದರೆ ಅವರಿಗೆ ಬಹಳ ಆಸಕ್ತಿ. ಹರಕೆ ಎಂದ ಕೂಡಲೇ ಯಾವ ದೇವರಿಗೆ ಎಂದು ಕೇಳಿದರು. ಅಪ್ಪ ನಮ್ಮೂರ ಕೆರೆಯ ದಂಡೆಯ ಮೇಲಿನ ದೇವರು ಎಂದ. ಅಲ್ಲಿ ಮುಡಿ ಕೊಡುವ ಪದ್ಧತಿ ಉಂಟೇ ಎಂದು ಅವರು ಆಸೆಯಿಂದ ಕೇಳಿದರು. ಅಪ್ಪ ಉಂಟು ಎಂದ, ಆಮೇಲೆ ಮೊದಲು ಇತ್ತು ಎಂದ. ಯಾಕಾಗಿ ಹೊತ್ತ ಹರಕೆ? ಇವನು ಪಾಸಾಗಲಿ ಎಂದು. ಪಾಸಾಗಿ ಎರಡು ವರ್ಷವಾಯಿತಲ್ಲ, ಇಷ್ಟು ದಿನ ತಡ ಮಾಡಿದಿರೇಕೆ?

ಅಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಹಿಂಡುತ್ತಾ ನಿಂತ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಅಕ್ಷರ ಬಲ್ಲವರ ಎದುರು, ಅಕ್ಷರ ಕಲಿತ ಮಗನಿಗಾಗಿ, ಪಾಠ ಒಪ್ಪಿಸಲಾಗದ ಹುಡುಗನ ಹಾಗೆ ನಿಂತಿದ್ದ.

“ಹರಕೆ ಅಲ್ಲ ಸಾರ್,” ಅಂದೆ. “ನನ್ನ ತಲೆ ಸರಿ ಇರಲಿಲ್ಲ. ಔಷಧಿ ಹಾಕೋಕೆ ಬೋಳಿಸಿದ್ದು.”

ಅಪ್ಪ ನನ್ನ ಕಡೆ ನೋಡಲಿಲ್ಲ. ಹೆಡ್‌ಮೇಷ್ಟ್ರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ಈಗ ಹೇಗಿದೆ ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ: ಬೆಳಿಗ್ಗೆ ಲೇಪ ಹಾಕಿ ಕೂತರೆ ಮಧ್ಯಾಹ್ನದವರೆಗೆ ಪರವಾಗಿಲ್ಲ, ಆಮೇಲೆ ಹೇಳಲಾಗದು.

ಅವರು ವೇಳಾಪಟ್ಟಿಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಹಾಗಾದ್ರೆ ಬೆಳಗಿನ ಪೀರಿಯಡ್ಡೇ ತಗೊಳ್ಳಿ. ಪರೀಕ್ಷೆವರೆಗೆ ನೋಡೋಣ. ಆಮೇಲೆ ಬರೀತೀನಿ.” ನಾವು ಏಳುವಾಗ ಮತ್ತೆ ಹೇಳಿದರು: “ಹೊರಗೆ ಮಾತ್ರ ಹರಕೆ ಅಂತಲೇ ಇರ್ಲಿ ಮೇಷ್ಟ್ರೇ.”

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ನೆಲ್ಲಿಚೆಟ್ಟು, ಒಂದೆಲಗದ ಪುಡಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಕಂಡಕ್ಟರು ಸೀಟಿ ಊದಿದ ಮೇಲೆ, ಕಂಬಿ ಹಿಡಿದುಕೊಂಡು, “ನಾ ಇನ್ನೊಂಚೂರು ಚೆನ್ನಾಗಿ ಹೇಳ್ಬೇಕಿತ್ತು ತಮ್ಮ. ದೇವರ ಹೆಸರು ಮೊದ್ಲೇ ಗೊತ್ತು ಮಾಡ್ಕಂಡು ಬರ್ಬೇಕಿತ್ತು,” ಎಂದ. ಅವನು ನನ್ನಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದ. ನಾನು ಏನನ್ನಾದರೂ ಹೇಳುವಷ್ಟರಲ್ಲಿ ಬಸ್ಸು ಹೊರಟಿತು.

ಮರುದಿನ ಬೆಳಿಗ್ಗೆ ಲೇಪಕ್ಕೆ ಮಜ್ಜಿಗೆ ಬೇಕಾಯಿತು. ಕೇಳಲು ಇದ್ದದ್ದು ಯಜಮಾನರ ಮನೆಯೊಂದೇ. ಬಟ್ಟಲು ಹಿಡಿದು ಅವರ ಹಿತ್ತಲ ಬಾಗಿಲಿಗೆ ಹೋಗಿ, ವಾಪಸ್ಸು ಬಂದು, ಮತ್ತೆ ಹೋದೆ. ಅವರೇ ಹೊರಗೆ ಬಂದರು. ಸ್ವಲ್ಪ ಮಜ್ಜಿಗೆ ಬೇಕಿತ್ತು ಎಂದೆ.

“ಇಷ್ಟು ಬೆಳಿಗ್ಗೆ ಮಜ್ಜಿಗೆ ಯಾಕ್ರೀ ಮೇಷ್ಟ್ರೇ? ಇದೂ ಹರಕೇದಾ?”

ಹೆಡ್‌ಮೇಷ್ಟ್ರು ಹೇಳಿಕೊಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಟವೆಲು ಹಿಂಡುತ್ತಿದ್ದ ಅಪ್ಪನ ಕೈ ನೆನಪಾಯಿತು. ನೆಲ ನೋಡುತ್ತಾ, “ತಲೆಗೆ ಹಾಕೋಕೆ. ಔಷಧಿ,” ಅಂದೆ.

ಅವರು ನನ್ನ ಟೋಪಿಯನ್ನೊಮ್ಮೆ ನೋಡಿದರು. ಬಟ್ಟಲು ಇಸಿದುಕೊಂಡರು. ಒಳಗೆ ಹೋಗುತ್ತಾ ಅರ್ಧದಲ್ಲಿ ನಿಂತು, “ಹುಳಿ ಆಗ್ಬೇಕೋ, ಸಿಹಿ ಆಗ್ಬೇಕೋ?” ಎಂದು ಕೇಳಿದರು.

ಹುಳಿ ಎಂದೆ.

ಕೋಣೆಗೆ ಬಂದು, ಅಗುಳಿ ಹಾಕಿ, ತಣ್ಣಗಿದ್ದದ್ದು ಬೆಚ್ಚಗಾಗುವವರೆಗೆ ಕೂತೆ. ಆಮೇಲೆ ತಲೆ ತೊಳೆದುಕೊಂಡು ಮೊದಲನೇ ಪೀರಿಯಡ್ಡಿಗೆ ಹೋದೆ. ಸೀಮೆಸುಣ್ಣ ಹಿಡಿದು ಹುಡುಗರ ಕಡೆ ತಿರುಗಿದಾಗ ಕಣ್ಣು ಬಾಗಿಲ ಕಡೆ ಹೋಯಿತು. ಆದರೂ ಗಂಟೆ ಹೊಡೆಯುವವರೆಗೆ ಅಲ್ಲೇ ನಿಂತಿದ್ದೆ. ಟೋಪಿ ಮಾತ್ರ ತೆಗೆಯಲಿಲ್ಲ. ಅದನ್ನು ತೆಗೆಯುವ ಧೈರ್ಯ, ಕೂದಲು ಪೂರ್ತಿ ಬೆಳೆದ ಮೇಲೂ, ಆ ವರ್ಷ ನನಗೆ ಬರಲಿಲ್ಲ.